ಬೇಸಗೆಯೂ ಗ್ರಂಥಭಂಡಾರದ ಬೀಗವೂ

ಕಳೆದ ವೈಶಾಖದಲ್ಲಿ ಒಂದು ವಿಶ್ವವಿದ್ಯಾನಿಲಯದ ಪುಸ್ತಕಭಂಡಾರಕ್ಕೆ ಹೋಗಿದ್ದೆನು. ಮಧ್ಯಾಹ್ನ ಎರಡು ಗಂಟೆಗೇ ಬೀಗ! “ರಜಾಕಾಲ ಸ್ವಾಮಿ, ಓದುವವರಾರು?” ಎಂದನು ಜವಾನನು. ಓದುಗರಿಲ್ಲವೆಂದು ಬಾಗಿಲು ಮುಚ್ಚುವುದು, ಮುಚ್ಚಿದುದರಿಂದ ಓದುಗರಿಲ್ಲದಿರುವುದು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯದೋಷವೆಂದು ಹೆಸರು. ಹಳ್ಳಿಯ ಉಪಾಧ್ಯಾಯನಿಗೆ ಬಿಡುವು ದೊರೆಯುವುದು ಆ ರಜದಲ್ಲಿಯೇ ಅಲ್ಲವೆ? ಪುಸ್ತಕವಿರುವುದು ಉಪಯೋಗಕ್ಕೆಂಬುದನ್ನು ರಂಗನಾಥನ್ ಅವರು 1931ರಲ್ಲಿಯೇ ತಮ್ಮ ಪಂಚಸೂತ್ರಗಳ ಮೊದಲಲ್ಲಿಟ್ಟರು. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಅರ್ಥಶಾಸ್ತ್ರದ ತಾಳೆಯೋಲೆಗಳನ್ನು ಶಾಮಶಾಸ್ತ್ರಿಗಳು ಬಿಚ್ಚಿ ಓದದಿದ್ದರೆ 1909ರ ಮುದ್ರಣವೆಲ್ಲಿ? ಓಲೆಗಳು ಭದ್ರವಾಗಿವೆಯೆಂದು ತೃಪ್ತಿಪಡಬಹುದಾಗಿತ್ತು! ಎಲ್ಲವೂ ಅಂತರ್ಜಾಲದಲ್ಲಿ ಉಂಟೆನ್ನುವರು. ಅಲ್ಲಿಯ ಗುಪ್ತಪದವಾದರೋ ಆ ಸಂಸ್ಥೆಯವರಿಗೆ ಮಾತ್ರ. ಅಧಿಕಾರಿಗಳು ಮೇ ತಿಂಗಳಲ್ಲಿ ಸಂಜೆ ಆರರವರೆಗೆ ವಾಚನಶಾಲೆಯನ್ನಾದರೂ ತೆರೆದಿಡಲಿ. ಕಾವಲಿಗೆ ಆಳು ಸಾಲದಿದ್ದರೆ ನಾನೇ ಬಂದು ಕುಳಿತುಕೊಳ್ಳುವೆನು.