ಹದಿಹರೆಯದ ಹೆಣ್ಣುಮಕ್ಕಳಲ್ಲಿ ಪಿಸಿಓಎಸ್ ಹಾಗೂ ಕೊಬ್ಬಿನ ಅಂಗಾಂಶದ ಹಾರ್ಮೋನುಗಳು: ಒಂದು ವಿಶ್ಲೇಷಣೆ

ಹಿನ್ನೆಲೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷ ವಯೋಮಾನದ ಮಹಿಳೆಯರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದವರ ಪ್ರಮಾಣವು 2015-16ರಲ್ಲಿ ಶೇ. 20.6ರಷ್ಟಿದ್ದು, 2019-21ರಲ್ಲಿ ಶೇ. 24ಕ್ಕೆ ಏರಿರುತ್ತದೆ. ಈ ಏರಿಕೆಯ ಹಿನ್ನೆಲೆಯಲ್ಲಿ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ (ಪಿಸಿಓಎಸ್) ಕುರಿತು ಪೋಷಕರು ಸರಿಯಾದ ಮಾಹಿತಿ ಹೊಂದಿರುವುದು ಅಗತ್ಯವಾಗಿದೆ.

ಕಾರಣಗಳು

ಕೊಬ್ಬಿನ ಅಂಗಾಂಶವು ಹಾರ್ಮೋನುಗಳನ್ನೂ ಸ್ರವಿಸುತ್ತದೆ ಎಂಬುದು 1994ರಲ್ಲಿ ಲೆಪ್ಟಿನ್ ಪತ್ತೆಯಾದ ನಂತರ ಸ್ಪಷ್ಟವಾಯಿತು. ಲೆಪ್ಟಿನ್, ದೇಹದಲ್ಲಿನ ಕೊಬ್ಬಿನ ಸಂಗ್ರಹದ ಸೂಚನೆಯನ್ನು ಮೆದುಳಿಗೆ ನೀಡುತ್ತದೆ. ಅಡಿಪೋನೆಕ್ಟಿನ್, ಇನ್ಸುಲಿನ್‌ನ ಕಾರ್ಯಕ್ಕೆ ನೆರವಾಗುತ್ತದೆ. ಬೊಜ್ಜು ಹೆಚ್ಚಿದಂತೆ ಮೊದಲನೆಯದು ಏರಿ, ಎರಡನೆಯದು ಇಳಿಯುತ್ತದೆ. ಇನ್ಸುಲಿನ್ ಪರಿಣಾಮಕಾರಿಯಾಗದಿದ್ದಲ್ಲಿ ದೇಹವು ಅದನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಹೆಚ್ಚಿದ ಇನ್ಸುಲಿನ್ ಅಂಡಾಶಯದಲ್ಲಿ ಪುರುಷ ಹಾರ್ಮೋನುಗಳ ಉತ್ಪತ್ತಿಯನ್ನು ಪ್ರಚೋದಿಸುತ್ತದೆ. ಪರಿಣಾಮವಾಗಿ ಮುಟ್ಟು ಏರುಪೇರಾಗುವುದು, ಮುಖದ ಮೇಲೆ ಕೂದಲು ಬೆಳೆಯುವುದು ಹಾಗೂ ತೀವ್ರ ಮೊಡವೆಗಳು ಕಂಡುಬರುತ್ತವೆ. ತೆಳ್ಳಗಿರುವವರಲ್ಲಿಯೂ ಪಿಸಿಓಎಸ್ ಉಂಟಾಗಬಹುದಾದ್ದರಿಂದ ತೂಕವೊಂದನ್ನೇ ಮಾನದಂಡವೆಂದು ಪರಿಗಣಿಸತಕ್ಕದ್ದಲ್ಲ.

ರೋಗನಿರ್ಣಯ

2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮುಖ್ಯಾಂಶಗಳು ಈ ಕೆಳಗಿನಂತಿವೆ:

1. ಮೊದಲ ಮುಟ್ಟಿನ ನಂತರದ ಒಂದು ವರ್ಷ ಏರುಪೇರು ಸಹಜ.
2. ಒಂದರಿಂದ ಮೂರು ವರ್ಷಗಳ ಅವಧಿಯಲ್ಲಿ 45 ದಿನಗಳಿಗೂ, ತದನಂತರ 35 ದಿನಗಳಿಗೂ ಮೀರಿದ ಅಂತರವನ್ನು ಅನಿಯಮಿತವೆಂದು ಪರಿಗಣಿಸಲಾಗುತ್ತದೆ.
3. ಅನಿಯಮಿತ ಮುಟ್ಟು ಹಾಗೂ ಪುರುಷ ಹಾರ್ಮೋನಿನ ಆಧಿಕ್ಯ, ಇವೆರಡೂ ಇದ್ದು, ಇತರೆ ಕಾರಣಗಳು ಇಲ್ಲವೆಂದು ಖಚಿತವಾದಲ್ಲಿ ಮಾತ್ರ ಪಿಸಿಓಎಸ್ ಎಂದು ನಿರ್ಣಯಿಸಬೇಕು.
4. ಈ ವಯಸ್ಸಿನಲ್ಲಿ ರೋಗನಿರ್ಣಯಕ್ಕಾಗಿ ಅಂಡಾಶಯದ ಸ್ಕ್ಯಾನಿಂಗ್ ಶಿಫಾರಸು ಮಾಡಿರುವುದಿಲ್ಲ.

ಲೆಪ್ಟಿನ್ ಅಥವಾ ಅಡಿಪೋನೆಕ್ಟಿನ್ ಪರೀಕ್ಷೆಯೂ ರೋಗನಿರ್ಣಯಕ್ಕೆ ಅವಶ್ಯವಿರುವುದಿಲ್ಲ.

ಪರಿಣಾಮ

ಆತುರದ ನಿರ್ಣಯದಿಂದ ಬಾಲಕಿಯು ಮುಂದೆ ತಾಯಿಯಾಗಲಾರೆನೆಂಬ ಭಯಕ್ಕೆ ಒಳಗಾಗಿ, ಊಟ ಬಿಡುವ ಸಂಭವವಿರುತ್ತದೆ. ಪಿಸಿಓಎಸ್ ಇರುವ ಅನೇಕ ಮಹಿಳೆಯರು ತಾಯಂದಿರಾಗಿದ್ದಾರೆ. ಅದೇ ವೇಳೆ, ನಿಜವಾದ ತೊಂದರೆಯನ್ನು ನಿರ್ಲಕ್ಷಿಸಿದಲ್ಲಿ ಮಧುಮೇಹದ ಅಪಾಯವು ಗಮನಕ್ಕೆ ಬಾರದೆ ಉಳಿಯುತ್ತದೆ. ಸಮತೋಲಿತ ಆಹಾರ ಹಾಗೂ ನಿತ್ಯದ ದೈಹಿಕ ಚಟುವಟಿಕೆ ಚಿಕಿತ್ಸೆಯ ಬುನಾದಿಯಾಗಿದ್ದು, ಔಷಧವನ್ನು ವೈದ್ಯರ ಸಲಹೆಯಂತೆ ಮಾತ್ರ ಸೇವಿಸತಕ್ಕದ್ದು.

ಲಭ್ಯವಿರುವ ಸೇವೆ

2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆ ಸರ್ಕಾರಿ ಆರೋಗ್ಯ ಸಂಸ್ಥೆಗಳ ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತ ಸಮಾಲೋಚನೆ ನೀಡಲಾಗುತ್ತಿದ್ದು, ಗೋಪ್ಯತೆ ಕಾಪಾಡಲಾಗುವುದು. ಕ್ಲಿನಿಕ್‌ನ ದಿನ ಮತ್ತು ವೇಳೆಯನ್ನು ಆಶಾ ಕಾರ್ಯಕರ್ತೆಯರಿಂದ ತಿಳಿಯಬಹುದು. ಮೊದಲ ಮುಟ್ಟಿನ ವರ್ಷ ಹಾಗೂ ಹಿಂದಿನ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಬರೆದು ತಂದಲ್ಲಿ ವೈದ್ಯರಿಗೆ ಅನುಕೂಲವಾಗುವುದು.