ಗೋದಾಮಿನಲ್ಲಿ ಚಾಕೊಲೇಟ್ ಇತ್ತು, ಸಿಸ್ಟಮ್‌ನಲ್ಲಿ ಇರಲಿಲ್ಲ

ವಾಟರ್‌ಫಾಲ್ ಮಾಡೆಲ್ ಚಿತ್ರ ಬಿಡಿಸದೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪೇಪರ್ ಪಾಸಾದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಮೇಲಿನ ಡಬ್ಬಗಳಿಗೆಲ್ಲ ಒಂದೊಂದು ಪ್ಯಾರಾ ಬರೀತೀವಿ. ಕೆಳಗಿನ ‘ಡಿಪ್ಲಾಯ್‌ಮೆಂಟ್’ಗೆ ಮಾತ್ರ ಒಂದೂವರೆ ಸಾಲು: ಇನ್‌ಸ್ಟಾಲ್ ಮಾಡಿ ತರಬೇತಿ ಕೊಡುವುದು. ಎಷ್ಟೋ ದೊಡ್ಡ ಕಂಪನಿಗಳು ಕೈ ಸುಟ್ಟುಕೊಂಡಿರೋದು ಆ ಒಂದೂವರೆ ಸಾಲಿನಲ್ಲೇ.

ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಯ ಕತೆ ನೋಡಿ. ಆರ್ಡರ್, ದಾಸ್ತಾನು, ಸಾಗಣೆ ಎಲ್ಲಕ್ಕೂ ಹೊಸ ಸಾಫ್ಟ್‌ವೇರ್ ತರೋಕೆ 11.2 ಕೋಟಿ ಡಾಲರ್ ಸುರಿದರು. 48 ತಿಂಗಳು ಬೇಕು ಅಂದ ಕೆಲಸವನ್ನು ವೈ2ಕೆ ಭಯಕ್ಕೆ 30 ತಿಂಗಳಿಗೆ ಇಳಿಸಿದರು. ಎಸ್‌ಎಪಿ ಜೊತೆಗೆ ಇನ್ನೆರಡು ಕಂಪನಿಗಳ ಸಾಫ್ಟ್‌ವೇರನ್ನೂ ಒಟ್ಟೊಟ್ಟಿಗೇ ಹಾಕಿದರು. ಏಪ್ರಿಲ್‌ಗೆ ಆಗಬೇಕಿದ್ದದ್ದು ಜಾರಿ 1999ರ ಜುಲೈಗೆ ಬಂತು. ಹ್ಯಾಲೊವೀನ್ ಆರ್ಡರ್‌ಗಳು ಬಂದು ಬೀಳೋ ಹೊತ್ತು ಅದು. ದೀಪಾವಳಿಗೆ ಮುಂಚೆ ನಮ್ಮ ಸ್ವೀಟ್ ಅಂಗಡಿಯವರು ಬಿಲ್ಲಿಂಗ್ ಮಷೀನ್ ಬದಲಾಯಿಸಿದ ಹಾಗೆ.

ಹೆಚ್ಚು ಯೋಚಿಸಬೇಕಾದ ವಿಷಯ ಇನ್ನೊಂದಿದೆ. ಸೀಸನ್‌ನಲ್ಲಿ ಗೋದಾಮು ತುಂಬಿದರೆ ಅಲ್ಲಿನವರು ಸಿಕ್ಕ ಖಾಲಿ ಜಾಗದಲ್ಲಿ ಸರಕು ಇಡ್ತಿದ್ದರು. ಎಲ್ಲಿದೆ ಅಂತ ಕೆಲಸಗಾರರಿಗೆ ಗೊತ್ತು. ಆದರೆ ಆ ಜಾಗಗಳನ್ನು ಹೊಸ ಸಿಸ್ಟಮ್‌ಗೆ ಯಾರೂ ಸೇರಿಸಿರಲಿಲ್ಲ. ಕಣ್ಣೆದುರಿಗೆ ಚಾಕೊಲೇಟ್ ಇದೆ, ಸ್ಕ್ರೀನ್ ಮೇಲೆ ಇಲ್ಲ! ಸುಮಾರು 10 ಕೋಟಿ ಡಾಲರ್‌ನ ಆರ್ಡರ್ ಪೂರೈಸಲಾಗಲಿಲ್ಲ, ಆ ತ್ರೈಮಾಸಿಕದ ಲಾಭ ಶೇ. 19ರಷ್ಟು ಕುಸಿಯಿತು. ಇದನ್ನ ಕೋಡ್‌ನ ಬಗ್ ಅನ್ನೋಕಾಗುತ್ತಾ? ಅದೇ ಕಂಪನಿ 2002ರಲ್ಲಿ ಅದೇ ಎಸ್‌ಎಪಿಯ ಹೊಸ ಆವೃತ್ತಿಗೆ ಒಂದು ವರ್ಷದೊಳಗೆ, ಬಜೆಟ್‌ಗಿಂತ ಕಡಿಮೆ ಖರ್ಚಲ್ಲಿ ಹೋಯಿತು.

ಹಾಗಂತ ಹಳೆ ಪದ್ಧತಿಯನ್ನೆಲ್ಲ ಒಪ್ಪಿಕೊಂಡು ಕೂತರೂ ಕಷ್ಟವೇ. ಜರ್ಮನಿಯ ಲಿಡ್ಲ್ ಸೂಪರ್‌ಮಾರ್ಕೆಟ್‌ನವರು ದಾಸ್ತಾನಿನ ಬೆಲೆ ಲೆಕ್ಕ ಹಾಕ್ತಿದ್ದದ್ದು ಖರೀದಿ ದರದಲ್ಲಿ. ಎಸ್‌ಎಪಿಯ ರೂಢಿ ಮಾರಾಟ ದರ. ಲಿಡ್ಲ್ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ತಿದ್ದಿಸಿತು. ತಿದ್ದಿದಷ್ಟೂ ಜಟಿಲವಾಯಿತು. 2011ರಲ್ಲಿ ಶುರುವಾದ ಯೋಜನೆಯನ್ನು 2018ರಲ್ಲಿ ಕೈಬಿಟ್ಟಾಗ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಅಂತ ಪತ್ರಿಕೆಗಳು ಬರೆದವು.

ಯಾವ ಪದ್ಧತಿ ಉಳಿಯಬೇಕು, ಯಾವುದು ಹೋಗಬೇಕು ಅನ್ನೋದನ್ನ ಕೋಡ್ ಬರೆಯೋ ಮುಂಚೆಯೇ ಕಂಪನಿಯಲ್ಲಿ ಅಧಿಕಾರ ಇರೋರು ತೀರ್ಮಾನಿಸಬೇಕು. ಅದಕ್ಕೆ ಮೊದಲು ಗೋದಾಮಿನವನನ್ನೂ ಕೌಂಟರ್‌ನವಳನ್ನೂ ಕೇಳಿರಬೇಕು. ಇಲ್ಲದಿದ್ದರೆ ಆ ತೀರ್ಮಾನ ಗೋ-ಲೈವ್ ರಾತ್ರಿ ಬೆಂಗಳೂರಲ್ಲಿ ಕೂತ ಫ್ರೆಶರ್ ತಲೆ ಮೇಲೆ ಬೀಳುತ್ತೆ. ಪ್ಲೇಸ್‌ಮೆಂಟ್ ಆದ ಮೇಲೆ ನಮ್ಮಲ್ಲಿ ಎಷ್ಟೋ ಜನ ಹೋಗಿ ಕೂರೋದು ಇಂಥ ಪ್ರಾಜೆಕ್ಟ್‌ಗಳ ಸಪೋರ್ಟ್ ಡೆಸ್ಕ್‌ನಲ್ಲೇ. ‘ಹಳೇದೇ ಚೆನ್ನಾಗಿತ್ತು’ ಅಂತ ಟಿಕೆಟ್ ಬಂದಾಗ ‘ಯೂಸರ್‌ಗೆ ಬುದ್ಧಿ ಇಲ್ಲ’ ಅಂತ ನಗೋದು ಸುಲಭ. ಆ ಟಿಕೆಟ್ ಹಿಂದೆ ಹರ್ಷೀಯ ಖಾಲಿ ಕೋಣೆಯಂಥದ್ದೇನೋ ಇರಬಹುದು.

ಅಷ್ಟು ದೂರ ಯಾಕೆ, ನಮ್ಮ ಲೆಕ್ಚರರ್‌ಗಳು ಹಾಜರಿಯನ್ನ ಪೋರ್ಟಲ್‌ಗೂ ಹಾಕ್ತಾರೆ, ಬ್ಯಾಗಲ್ಲಿ ರಿಜಿಸ್ಟರ್ ಪುಸ್ತಕವನ್ನೂ ಇಟ್ಕೊಂಡಿರ್ತಾರೆ. ಯಾಕೆ ಅಂತ ಕೇಳಿದವರು ಎಷ್ಟು ಜನ?

ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲಿ ಇದು ಬದಲಾಗಬೇಕು ಅನ್ನೋದು ನಮ್ಮ ಒತ್ತಾಯ. ಈಗ ವೈವಾದಲ್ಲಿ ಡೆಮೊ ಓಡಿದರೆ ಮುಗೀತು. ಅದರ ಬದಲು, ಮಾಡಿದ್ದನ್ನ ಮೆಸ್ ಮ್ಯಾನೇಜರೋ ಲೈಬ್ರರಿ ಕೌಂಟರ್‌ನವರೋ ಒಂದು ತಿಂಗಳು ಬಳಸಲಿ. ಅವರು ಎಲ್ಲಿ ಸಿಟ್ಟಾದರು, ಯಾವ ದಿನ ಮತ್ತೆ ನೋಟ್‌ಬುಕ್ ಹಿಡಿದರು ಅನ್ನೋದು ರಿಪೋರ್ಟ್‌ನಲ್ಲಿ ಬರಲಿ, ಅದಕ್ಕೂ ಮಾರ್ಕ್ಸ್ ಇರಲಿ. ಗೈಡ್‌ಗಳು ಒಪ್ಪಿದರೆ ಈ ಸೆಮಿಸ್ಟರ್‌ನಲ್ಲೇ ಶುರು ಮಾಡಬಹುದು. ಮೆಸ್‌ನವರನ್ನ ಒಪ್ಪಿಸೋದೇ ಸ್ವಲ್ಪ ಕಷ್ಟ.