ಲೈಫ್ ಜಾಕೆಟ್ ಇಲ್ಲದ ದೋಣಿಗೆ ದೇವರ ಹೆಸರು ಬೇಡ



ವೇಳಾಂಗಣ್ಣಿ ಯಾತ್ರೆ ಎಂದರೆ ನಮ್ಮಲ್ಲಿ ಬರೀ ವೇಳಾಂಗಣ್ಣಿ ಅಲ್ಲ ಎಂಬುದು ಎಲ್ಲರಿಗೂ ಗೊತ್ತು. ಆರೋಗ್ಯ ಮಾತೆಯ ದರ್ಶನ ಮುಗಿದ ಮೇಲೆ ಬಸ್ಸು ದಿಂಡಿಗಲ್ ಕಡೆಯಿಂದ ಕೊಡೈಕನಾಲ್ ಹತ್ತುತ್ತದೆ. ಇನ್ನೊಂದು ದಿನ ಕೈಯಲ್ಲಿದ್ದರೆ ತೇನಿ, ಕಂಬಂ ದಾಟಿ, ಘಾಟಿ ಏರಿ ಕುಮಿಳಿ, ತೇಕ್ಕಡಿ. ಪ್ರವಾಸದ ಪಟ್ಟಿಯಲ್ಲಿ ‘ಬೋಟಿಂಗ್’ ಎಂದು ಒಂದು ಸಾಲು ಇದ್ದೇ ಇರುತ್ತದೆ. ಬಸ್ಸಿನ ಬಾಡಿಗೆ, ಊಟ, ರೂಮು ಎಲ್ಲದರ ಬಗ್ಗೆ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಆ ಒಂದು ಸಾಲಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಇವತ್ತು ನಾವು ಅದರ ಬಗ್ಗೆಯೇ ಬರೆಯುತ್ತಿದ್ದೇವೆ.

2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಪೆರಿಯಾರ್ ಜಲಾಶಯದಲ್ಲಿ ‘ಜಲಕನ್ಯಕ’ ಎಂಬ ದೋಣಿ ಮಗುಚಿತು. ಅದು ಹಳೆಯ, ಮುರುಕಲು ದೋಣಿ ಅಲ್ಲ. ಕೇರಳದ ಸರ್ಕಾರಿ ಪ್ರವಾಸೋದ್ಯಮ ನಿಗಮದ ಹೊಸ ದೋಣಿ, ಎರಡು ಅಂತಸ್ತಿನದು. ಬೇರೆ ಬೇರೆ ರಾಜ್ಯಗಳಿಂದ ಬಂದಿದ್ದ ಸುಮಾರು 80 ಜನ ಅದರಲ್ಲಿದ್ದರು. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಕಡೆಗೆ ಸರಿದರು, ದೋಣಿ ವಾಲಿತು ಎಂದು ಆಗ ಹೇಳಲಾಯಿತು. ಆದರೆ ಪ್ರಾಣಿ ತೋರಿಸುವುದಕ್ಕೆಂದೇ ಓಡಿಸುವ ದೋಣಿ, ಪ್ರಾಣಿ ನೋಡಲು ಜನ ಎದ್ದರೆ ಮಗುಚುತ್ತದೆ ಎಂದರೆ ತಪ್ಪು ಎದ್ದವರದೋ, ದೋಣಿಯದೋ? ತನಿಖೆಯಲ್ಲಿ ಅದರ ವಿನ್ಯಾಸ, ಸಮತೋಲನದ ಬಗ್ಗೆಯೇ ಪ್ರಶ್ನೆ ಎದ್ದಿತು. ಪ್ರಯಾಣಿಕರು ಲೈಫ್ ಜಾಕೆಟ್ ಹಾಕಿಕೊಂಡಿರಲಿಲ್ಲ. 45 ಜನ ಸತ್ತರು.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮವರ ಬಾಯಲ್ಲಿ ಬರುವ ಮಾತು ಒಂದೇ: “ಏನು ಮಾಡೋದು, ದೈವಚಿತ್ತ.” ನಮ್ಮ ಜಗಳ ಈ ಮಾತಿನ ಜೊತೆ.

ತೇಕ್ಕಡಿಯದು ತಾನಾಗಿಯೇ ಹುಟ್ಟಿದ ಸರೋವರ ಅಲ್ಲ. ಪೆನ್ನಿಕ್ವಿಕ್ ಎಂಬ ಇಂಜಿನಿಯರ್ ಕಟ್ಟಿಸಿದ ಮುಲ್ಲಪೆರಿಯಾರ್ ಅಣೆಕಟ್ಟು 1895ರಲ್ಲಿ ಮುಗಿದಾಗ ಕಾಡು ಮುಳುಗಿ ನಿಂತ ನೀರು ಅದು. ಒಣಗಿದ ಮರಗಳ ಬೊಡ್ಡೆಗಳು ಇವತ್ತಿಗೂ ನೀರಿನಿಂದ ತಲೆ ಎತ್ತಿ ನಿಂತಿವೆ. ಅದೇ ನೀರು ಸುರಂಗದಲ್ಲಿ ಹಾದು ತಮಿಳುನಾಡಿಗೆ ಇಳಿದು, ಲೋಯರ್ ಕ್ಯಾಂಪ್‌ನಲ್ಲಿ ವಿದ್ಯುತ್ ಕೊಟ್ಟು, ಕಂಬಂ ಕಣಿವೆಯ ಗದ್ದೆಗಳನ್ನು ಹಸಿರು ಮಾಡಿ, ವೈಗೈ ಸೇರುತ್ತದೆ. ಮನೆಯೊಳಗೆ ಇನ್ನೂ ಕನ್ನಡ ಮಾತಾಡುವ ಕುಟುಂಬಗಳೂ ಆ ಕಣಿವೆಯಲ್ಲಿವೆ. ಅಲ್ಲಿನ ರೈತರು ಪೆನ್ನಿಕ್ವಿಕ್ ಅವರ ಫೋಟೋ ಇಟ್ಟು ಗೌರವಿಸುತ್ತಾರೆ. ಅವರ ಹುಟ್ಟುಹಬ್ಬವಾದ ಜನವರಿ 15ರಂದು ಪೊಂಗಲ್ ಇಡುತ್ತಾರೆ. ಒಳ್ಳೆಯ ಕೆಲಸ ಮಾಡಿದವನ ಹೆಸರು ಆ ಜನ ಮರೆತಿಲ್ಲ. ಮರೆಯಲೂ ಬಾರದು.

ಈಗ ನಮ್ಮ ಪ್ರಶ್ನೆ. ನೀರು ಬಂದದ್ದಕ್ಕೆ ಒಬ್ಬ ಮನುಷ್ಯನ ಹೆಸರು ಹೇಳಿ ಕೈಮುಗಿಯುತ್ತೇವೆ. ಅದೇ ನೀರಿನಲ್ಲಿ 45 ಜನ ಮುಳುಗಿದಾಗ ಮನುಷ್ಯರೆಲ್ಲ ಎಲ್ಲಿ ಮಾಯವಾದರು? ದೋಣಿ ಕೊಂಡವರು, ಪರೀಕ್ಷೆ ಮಾಡಬೇಕಾದವರು, ಟಿಕೆಟ್ ಹರಿದವರು, ಜಾಕೆಟ್ ಕೊಡದೆ ಹಗ್ಗ ಬಿಚ್ಚಿದವರು ಇವರೆಲ್ಲ ಇದ್ದರಲ್ಲ? ಒಳ್ಳೆಯದಕ್ಕೆ ಇಂಜಿನಿಯರ್, ಕೆಟ್ಟದ್ದಕ್ಕೆ ದೇವರು ಎಂಬುದು ಯಾವ ನ್ಯಾಯ? ‘ದೈವಚಿತ್ತ’ ಎಂದ ಕೂಡಲೇ ನಾವು ದೇವರನ್ನು ಗೌರವಿಸಿದಂತೆ ಆಗುವುದಿಲ್ಲ. ಬೇಜವಾಬ್ದಾರಿ ಮನುಷ್ಯರಿಗೆ ದೇವರ ಹೆಸರಿನಲ್ಲಿ ಜಾಮೀನು ಕೊಟ್ಟಂತೆ ಆಗುತ್ತದೆ, ಅಷ್ಟೇ.

ಇದು ಒಂದೇ ಒಂದು ಸಲ ನಡೆದದ್ದಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ತೇಕ್ಕಡಿಗಿಂತ ಎರಡು ವರ್ಷ ಮೊದಲು, 2007ರ ಫೆಬ್ರವರಿ 20ರಂದು, ಇದೇ ಪೆರಿಯಾರ್ ನದಿಯ ಕೆಳಭಾಗದ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕಿಯರು ತೀರಿಹೋದರು. 2019ರ ಜನವರಿಯಲ್ಲಿ ನಮ್ಮ ಕಾರವಾರದಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಭಕ್ತರ ದೋಣಿ ಮಗುಚಿತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ 12 ಮಕ್ಕಳು, 2 ಶಿಕ್ಷಕಿಯರು. ಊರು ಬೇರೆ, ಭಾಷೆ ಬೇರೆ, ಸತ್ತವರ ಧರ್ಮ ಬೇರೆ. ಆದರೆ ದೋಣಿ ದಡ ಬಿಡುವ ಮೊದಲು ಜನರ ಲೆಕ್ಕ, ಜಾಕೆಟ್ ಲೆಕ್ಕ ಸರಿಯಾಗಿ ಮಾಡಬೇಕೆಂಬ ಪಾಠ ಎಲ್ಲ ಕಡೆಯೂ ಒಂದೇ. ಇದರಲ್ಲಿ ನಿಗೂಢವಾದದ್ದು ಏನೂ ಇಲ್ಲ. ಪ್ರತಿ ಸಲವೂ ಒಂದೇ ರೀತಿ ನಡೆಯುವುದನ್ನು ವಿಧಿ ಎನ್ನುವುದಿಲ್ಲ, ಅಭ್ಯಾಸ ಎನ್ನುತ್ತಾರೆ.

ಕಾನೂನು ಇಲ್ಲವೇ? ಇದೆ. 2021ರ ಒಳನಾಡು ಜಲಯಾನ ಕಾಯಿದೆ ನೋಂದಣಿ, ತಪಾಸಣೆ, ಜೀವರಕ್ಷಕ ಸಾಧನ ಎಲ್ಲವನ್ನೂ ಹೇಳುತ್ತದೆ. ತೇಕ್ಕಡಿಯಲ್ಲೂ ದುರಂತದ ನಂತರ ಲೈಫ್ ಜಾಕೆಟ್ ಕಡ್ಡಾಯ ಆಯಿತು. ಹೆಣಗಳನ್ನು ಎಣಿಸಿದ ಮೇಲೆ ಬಂದ ಜಾಕೆಟ್ ಅದು. ಹಾಗಿದ್ದರೂ ನಾವು ಮಾಡುವುದೇನು? ದೋಣಿ ಸ್ವಲ್ಪ ದೂರ ಹೋದ ಕೂಡಲೇ ಬಕಲ್ ಬಿಚ್ಚುತ್ತೇವೆ. ವಾಸನೆ ಅಂತೆ, ಸೆಕೆ ಅಂತೆ, ಫೋಟೋದಲ್ಲಿ ಹೊಸ ಚೂಡಿದಾರ್ ಕಾಣುವುದಿಲ್ಲವಂತೆ.

“ದೋಣಿಯವನು ದಿನಾ ಓಡಿಸ್ತಾನೆ, ಅವನಿಗೆ ಗೊತ್ತಿರಲ್ವಾ?” ಎನ್ನುವ ಹಿರಿಯರಿಗೆ ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ಮತ್ತೊಮ್ಮೆ ಓದಿ ಎಂದು ವಿನಂತಿ. ಈ ಕಾಲದಲ್ಲಿ ಹೊರಡುವುದು ಅಪಾಯ ಎಂದು ಸಂತ ಪೌಲರು ಎಚ್ಚರಿಸಿದರು. ಆದರೆ ಶತಾಧಿಪತಿ ನಂಬಿದ್ದು ಹಡಗು ನಡೆಸುವವನನ್ನು ಮತ್ತು ಹಡಗಿನ ಮಾಲೀಕನನ್ನು. ಹಡಗು ಒಡೆದು ಚೂರಾಯಿತು. ಅದರಲ್ಲಿದ್ದ 276 ಜನರನ್ನೂ ದೇವರು ಉಳಿಸಿದರು, ನಿಜ. ಹಾಗೆಂದು ಮಾಲೀಕ ಮಾಡಿದ್ದು ಸರಿ ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ. ಉಳಿದದ್ದು ಹೇಗೆ ಎಂಬುದನ್ನೂ ಗಮನಿಸಿ. ಈಜು ಬಲ್ಲವರು ಈಜಿದರು, ಬಾರದವರು ಹಲಗೆ ಹಿಡಿದು ದಡ ಸೇರಿದರು. ಅಂದಿನ ಲೈಫ್ ಜಾಕೆಟ್ ಆ ಹಲಗೆ. ಪವಾಡ ನಡೆದ ದಿನವೂ ಹಲಗೆ ಬೇಕಾಯಿತು!

ಇನ್ನೂ ಹಿಂದೆ ಹೋದರೆ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕೆಂದು ಮೋಶೆಯ ನಿಯಮವೇ ಇದೆ. ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯವನ ಮೇಲೆ. ಬಿದ್ದವನ ಹಣೆಬರಹ ಎಂದು ಅಲ್ಲಿ ಬರೆದಿಲ್ಲ. ನಮ್ಮ ವಿಶ್ವಾಸ ಹೇಳಿಕೊಡುವುದು ಇದನ್ನೇ: ಪ್ರಾರ್ಥನೆಯೂ ಬೇಕು, ಅಡ್ಡಗೋಡೆಯೂ ಬೇಕು.

ಬೋಟಿಂಗ್ ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ದೋಣಿ ನಂಬಿ ಬದುಕುವ ಕುಟುಂಬಗಳಿವೆ. ಬೆಳಗಿನ ಮಂಜಿನಲ್ಲಿ ದಡಕ್ಕೆ ಬರುವ ಆನೆ ಹಿಂಡನ್ನು ನಮ್ಮ ಮಕ್ಕಳೂ ನೋಡಲಿ. ಆದರೆ ಧರ್ಮಕೇಂದ್ರದ ಹೆಸರಿನಲ್ಲಿ ಹೊರಡುವ ಪ್ರವಾಸಕ್ಕೆ ಒಂದು ಶಿಸ್ತು ಇರಲಿ. ಟಿಕೆಟ್ ಕೊಳ್ಳುವ ಮೊದಲೇ ಜಾಕೆಟ್ ಎಣಿಸೋಣ. ಚಿಕ್ಕ ಮಕ್ಕಳಿಗೆ ಚಿಕ್ಕ ಅಳತೆಯದು ಕೇಳೋಣ, ದೊಡ್ಡವರ ಜಾಕೆಟ್ ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ. ಎಷ್ಟು ಜನರಿಗೆ ಅನುಮತಿ ಎಂದು ಕೇಳಿ ತಲೆ ಎಣಿಸೋಣ, ಮಡಿಲಲ್ಲಿರುವ ಮಗುವೂ ಒಂದು ತಲೆಯೇ. ಆನೆ ಬರಲಿ, ಹುಲಿಯೇ ಬರಲಿ, ಕೂತಲ್ಲಿಂದಲೇ ನೋಡೋಣ. ಇಳಿಯುವವರೆಗೂ ಬಕಲ್ ಬಿಚ್ಚುವುದು ಬೇಡ. “ನನಗೆ ಈಜು ಬರುತ್ತೆ” ಎನ್ನುವ ಅಣ್ಣಂದಿರಿಗೂ ಇದೇ ನಿಯಮ. ದೋಣಿ ಮಗುಚಿದಾಗ ಗಾಬರಿಯಾದ ಹತ್ತು ಕೈಗಳು ಈಜು ಬಲ್ಲವನನ್ನೇ ಹಿಡಿದುಕೊಳ್ಳುತ್ತವೆ.

ಇಷ್ಟಕ್ಕೂ ದೋಣಿಯವರು ಒಪ್ಪದಿದ್ದರೆ? ಹತ್ತುವುದು ಬೇಡ. ಕೊಟ್ಟ ದುಡ್ಡು ಹೋದರೆ ಹೋಗಲಿ. ದಡದಲ್ಲೇ ಟೀ ಕುಡಿದು, ಹಾಡು ಹೇಳಿ ಬರೋಣ. ನಲವತ್ತು ಜನರ ಒಂದು ಗುಂಪು ದೋಣಿ ಹತ್ತದೆ ವಾಪಸ್ ಹೋದರೆ ಮಾಲೀಕನಿಗೆ ಯಾವ ಕಾಯಿದೆಗಿಂತ ಬೇಗ ಬುದ್ಧಿ ಬರುತ್ತದೆ. ನಾವು ಹತ್ತುತ್ತಲೇ ಇರುವವರೆಗೆ ಅವನು ಯಾಕೆ ಬದಲಾಗಬೇಕು?

ಮುಂದಿನ ಯಾತ್ರೆಯ ಮೀಟಿಂಗಿನಲ್ಲಿ ‘ಬೋಟಿಂಗ್’ ಎಂಬ ಸಾಲಿನ ಮುಂದೆ ‘ಜಾಕೆಟ್ ಇದ್ದರೆ ಮಾತ್ರ’ ಎಂದು ಬರೆಸಿ. ಯಾರಾದರೂ ನಕ್ಕರೆ ನಗಲಿ. ಬರೆಯುವ ತನಕ ಮೀಟಿಂಗಿನಿಂದ ಏಳಬೇಡಿ.